ಊರಿನ ಬೆಂಕಿಗೆ ಊರಿನದೇ ದಳ

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಹಳ್ಳಿಗಾಡಿನಲ್ಲಿ ಕಾಡಿಗೋ ಹುಲ್ಲುಗಾವಲಿಗೋ ಬೆಂಕಿ ಬಿದ್ದರೆ ಆರಿಸಲು ಹೊರಡುವವರಲ್ಲಿ ಬಹುಪಾಲು ಜನ ಆ ಕೆಲಸಕ್ಕೆ ಸಂಬಳ ಪಡೆಯುವವರಲ್ಲ. ಕುರಿ ಸಾಕುವವರು, ಗೋಧಿ ಬೆಳೆಯುವವರು, ಶಾಲೆಯ ಮೇಷ್ಟ್ರು, ಗ್ಯಾರೇಜಿನ ಮೆಕ್ಯಾನಿಕ್, ಅಂಗಡಿ ನಡೆಸುವ ಹೆಂಗಸರು, ನಿವೃತ್ತ ದಾದಿಯರು ಹಳದಿ ಸಮವಸ್ತ್ರ ತೊಟ್ಟು ಟ್ಯಾಂಕರ್ ಹತ್ತುತ್ತಾರೆ. ಇವರನ್ನು ಒಂದು ವ್ಯವಸ್ಥೆಯೊಳಗೆ ತಂದಿರುವುದು ರೂರಲ್ ಫೈರ್ ಸರ್ವೀಸ್. ಅದರಲ್ಲಿ 70 ಸಾವಿರಕ್ಕೂ ಹೆಚ್ಚು ಸ್ವಯಂಸೇವಕರಿದ್ದಾರೆ, ಸುಮಾರು 2,000 ಸ್ಥಳೀಯ ದಳಗಳಿವೆ. ಸಂಬಳದ ಸಿಬ್ಬಂದಿ ಒಂದು ಸಾವಿರದ ಆಸುಪಾಸು ಇದ್ದು, ಅವರಲ್ಲಿ ಹೆಚ್ಚಿನವರದು ಯೋಜನೆ, ತರಬೇತಿ ಮತ್ತು ಆಡಳಿತದ ಕೆಲಸ. ನೆರೆಯ ವಿಕ್ಟೋರಿಯಾದಲ್ಲಿ ಇದೇ ಕೆಲಸವನ್ನು ಕಂಟ್ರಿ ಫೈರ್ ಅಥಾರಿಟಿ ಸುಮಾರು 1,200 ದಳಗಳ ಮೂಲಕ ಮಾಡುತ್ತದೆ. ಇಡೀ ದೇಶದಲ್ಲಿ ಇಂಥ ಸ್ವಯಂಸೇವಕರ ಸಂಖ್ಯೆ ಒಂದೂವರೆ ಲಕ್ಷವನ್ನು ಮೀರುತ್ತದೆ.

ಇಷ್ಟು ದೊಡ್ಡ ಹೊಣೆ ಸಂಬಳವಿಲ್ಲದವರ ಹೆಗಲಿಗೆ ಬಿದ್ದದ್ದಕ್ಕೆ ಮೊದಲ ಕಾರಣ ನೆಲದ ವಿಸ್ತಾರ. ನ್ಯೂ ಸೌತ್ ವೇಲ್ಸ್ ಕರ್ನಾಟಕದ ನಾಲ್ಕು ಪಟ್ಟು ದೊಡ್ಡದು. ಅಲ್ಲಿನ ಜನರಲ್ಲಿ ಬಹುಪಾಲು ಸಿಡ್ನಿ ಮತ್ತು ಕರಾವಳಿಯ ಪಟ್ಟಣಗಳಲ್ಲಿದ್ದಾರೆ. ಉಳಿದ ನೆಲದಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ಹಲವು ಕಿಲೋಮೀಟರ್ ಅಂತರವಿರುವುದು ಸಾಮಾನ್ಯ. ರಾಜ್ಯದ ಶೇ 95ರಷ್ಟು ಪ್ರದೇಶ ಈ ಗ್ರಾಮೀಣ ಸೇವೆಯ ವ್ಯಾಪ್ತಿಗೆ ಬರುತ್ತದೆ. ಅಷ್ಟು ನೆಲದಲ್ಲಿ ಸಂಬಳದ ಠಾಣೆಗಳನ್ನು ತೆರೆಯಲು ಯಾವ ಸರ್ಕಾರದ ಬೊಕ್ಕಸವೂ ಸಾಲದು; ತೆರೆದರೂ ವರ್ಷದ ಬಹುಕಾಲ ಅಲ್ಲಿನವರಿಗೆ ಕೆಲಸವಿರುವುದಿಲ್ಲ. ಹುಲ್ಲಿಗೆ ಬಿದ್ದ ಬೆಂಕಿಯನ್ನು ಮೊದಲ ಅರ್ಧ ಗಂಟೆಯಲ್ಲಿ ನಾಲ್ಕು ಜನ ಆರಿಸಬಹುದು. ಆ ಅರ್ಧ ಗಂಟೆ ಕಳೆದರೆ ನಾನೂರು ಜನ ಬಂದರೂ ಕಷ್ಟ. ಹತ್ತಿರವಿದ್ದವರೇ ಬೇಗ ಮುಟ್ಟುತ್ತಾರೆ. ಯಾವ ಹೊಲದ ಗೇಟಿಗೆ ಬೀಗವಿದೆ, ಯಾವ ಹಳ್ಳದಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ, ಯಾವ ದಾರಿಯಲ್ಲಿ ಭಾರದ ಲಾರಿ ಹೂತುಕೊಳ್ಳುತ್ತದೆ ಎಂಬುದು ಹತ್ತಿರದವರಿಗೇ ಗೊತ್ತು.

ಮೊದಮೊದಲು ಇದು ನೆರೆಹೊರೆಯವರ ಪರಸ್ಪರ ಸಹಾಯವಷ್ಟೇ ಆಗಿತ್ತು. ಹಸಿ ಟೊಂಗೆ, ಒದ್ದೆ ಗೋಣಿಚೀಲ, ಕುದುರೆಗಾಡಿಯ ಮೇಲೊಂದು ನೀರಿನ ಪೀಪಾಯಿ ಅವರ ಸಲಕರಣೆಗಳು. ನ್ಯೂ ಸೌತ್ ವೇಲ್ಸ್‌ನ ದಕ್ಷಿಣದ ಬೆರ್ರಿಗನ್ ಎಂಬ ಊರಿನಲ್ಲಿ 1900ರಲ್ಲಿ ಮೊದಲ ಅಧಿಕೃತ ದಳ ರೂಪುಗೊಂಡಿತು. ಆಮೇಲಿನ ಇತಿಹಾಸವನ್ನು ಬರೆದದ್ದು ದುರಂತಗಳೇ ಎನ್ನಬೇಕು. 1939ರ ಜನವರಿ 13ರಂದು ವಿಕ್ಟೋರಿಯಾದ ಕಾಡುಗಳು ಹೊತ್ತಿ, ಆ ಬೇಸಿಗೆಯ ಬೆಂಕಿಗೆ 71 ಜನ ಬಲಿಯಾದರು. ತನಿಖೆ ನಡೆಸಿದ ನ್ಯಾಯಾಧೀಶ ಲಿಯೊನಾರ್ಡ್ ಸ್ಟ್ರೆಟನ್ ಅವರ ವರದಿ, ಹಳ್ಳಿಗಾಡಿನ ಬೆಂಕಿಗೆ ಒಂದೇ ಪ್ರಾಧಿಕಾರ ಹೊಣೆಯಾಗಬೇಕೆಂದಿತು. ಸರ್ಕಾರ ತಡಮಾಡಿತು. 1944ರಲ್ಲಿ ಮತ್ತೆ ದೊಡ್ಡ ಬೆಂಕಿ ಬಿದ್ದು, ಅದೇ ನ್ಯಾಯಾಧೀಶರು ಮತ್ತೆ ವಿಚಾರಣೆ ನಡೆಸಬೇಕಾಯಿತು. 1945ರಲ್ಲಿ ಕಂಟ್ರಿ ಫೈರ್ ಅಥಾರಿಟಿ ಕೆಲಸ ಶುರು ಮಾಡಿತು. ನ್ಯೂ ಸೌತ್ ವೇಲ್ಸ್ 1949ರಲ್ಲಿ ಕಾಡ್ಗಿಚ್ಚಿನ ಕಾಯ್ದೆ ತಂದರೂ ದಳಗಳು ಆಯಾ ಸ್ಥಳೀಯ ಕೌನ್ಸಿಲ್‌ಗಳ ಅಧೀನದಲ್ಲೇ ಇದ್ದವು. 1994ರ ಜನವರಿಯ ಬೆಂಕಿ ಸಿಡ್ನಿಯ ಅಂಚಿಗೇ ಬಂದ ಮೇಲೆ 1997ರ ಕಾಯ್ದೆ ಎಲ್ಲ ದಳಗಳನ್ನೂ ಒಂದೇ ಆಜ್ಞಾಸರಣಿಯೊಳಗೆ ತಂದಿತು.

ಸಾಧಾರಣ ದಳವೊಂದರ ಆಸ್ತಿ ಎಂದರೆ ತಗಡಿನ ಶೆಡ್ಡು, ಒಂದೆರಡು ಟ್ಯಾಂಕರ್, ಒಂದು ನೀರಿನ ತೊಟ್ಟಿ. ದೊಡ್ಡ ಟ್ಯಾಂಕರಿನಲ್ಲಿ 3,000 ಲೀಟರಿಗೂ ಹೆಚ್ಚು ನೀರು ಹಿಡಿಯುತ್ತದೆ. ಕಡಿದಾದ ಕಾಡುದಾರಿಗೆ ಬಳಸುವ ಚಿಕ್ಕ ಜೀಪಿನಂಥ ವಾಹನದಲ್ಲಿ ಸುಮಾರು 450 ಲೀಟರ್ ಅಷ್ಟೇ. ದಳದ ಕ್ಯಾಪ್ಟನ್ ಮತ್ತು ಉಪ ಕ್ಯಾಪ್ಟನ್‌ಗಳನ್ನು ಸದಸ್ಯರೇ ವಾರ್ಷಿಕ ಸಭೆಯಲ್ಲಿ ಆರಿಸುತ್ತಾರೆ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿಯೂ ಹಾಗೆಯೇ. ಬೆಂಕಿಯ ಎದುರು ಕ್ಯಾಪ್ಟನ್ ಮಾತು ಪ್ರಶ್ನಾತೀತ, ಸಭೆಯಲ್ಲಿ ಅವರದೂ ಒಂದು ಮತ. ಈ ಎರಡು ಗುಣಗಳನ್ನು ಒಂದೇ ಸಂಸ್ಥೆಯಲ್ಲಿ ಉಳಿಸಿಕೊಳ್ಳುವುದು ಸುಲಭವಲ್ಲ. ರಾಜಧಾನಿಯ ಕಚೇರಿಗೂ ಹಳ್ಳಿಯ ದಳಕ್ಕೂ ನಡುವೆ ಆಗಾಗ ಎಳೆದಾಟ ನಡೆಯುವುದು ಇದೇ ಕಾರಣಕ್ಕೆ.

ದಳ ಸೇರಿದವರು ತಕ್ಷಣ ಬೆಂಕಿಗೆ ಹೋಗುವಂತಿಲ್ಲ. ವಯಸ್ಸು 16 ತುಂಬಿರಬೇಕು, ಮೂಲ ತರಬೇತಿಯಲ್ಲಿ ತೇರ್ಗಡೆಯಾಗಬೇಕು. ಬೆಂಕಿ ಹೇಗೆ ಹರಡುತ್ತದೆ, ಪಂಪು ಹೇಗೆ ನಡೆಸಬೇಕು, ರೇಡಿಯೊದಲ್ಲಿ ಏನು ಹೇಳಬೇಕು, ಏನು ಹೇಳಬಾರದು ಎಂಬುದೆಲ್ಲ ಅದರಲ್ಲಿದೆ. ಬಹಳ ಮುಖ್ಯವಾದದ್ದು ಬೆಂಕಿ ಲಾರಿಯ ಮೇಲೆಯೇ ಹಾದುಹೋಗುವಾಗ ಒಳಗೆ ಕುಳಿತು ಬದುಕುಳಿಯುವ ಅಭ್ಯಾಸ. ಕಿಟಕಿಗೆ ಶಾಖ ತಡೆಯುವ ಪರದೆ ಎಳೆಯಬೇಕು, ವಾಹನದ ಸುತ್ತ ನೀರು ಚಿಮ್ಮಿಸುವ ಕೊಳವೆ ತೆರೆಯಬೇಕು, ಕಂಬಳಿ ಹೊದ್ದು ಕಿಟಕಿಯ ಮಟ್ಟಕ್ಕಿಂತ ಕೆಳಗೆ ಬಾಗಬೇಕು. ಈ ಕವಾಯತು ವರ್ಷ ವರ್ಷವೂ ನಡೆಯುತ್ತದೆ. ಗಾಯವಾದರೆ ಪರಿಹಾರ, ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ಕಾನೂನಿನ ರಕ್ಷಣೆ ಸದಸ್ಯರಿಗಿದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಕಾಡು ಉರಿದಾಗ ಮೈಸೂರು, ಬೆಂಗಳೂರುಗಳಿಂದಲೂ ಜನ ಸ್ವಂತ ಇಚ್ಛೆಯಿಂದ ಧಾವಿಸಿದ್ದನ್ನು ಕನ್ನಡಿಗರು ಬಲ್ಲರು. ಅಂಥ ಮನಸ್ಸು ಎಲ್ಲೆಡೆ ಇದೆ. ಆ ಮನಸ್ಸಿಗೆ ಮೊದಲೇ ಕೊಟ್ಟ ತರಬೇತಿ, ಸಮವಸ್ತ್ರ, ವಿಮೆ ಮತ್ತು ಒಬ್ಬ ನಾಯಕನ ಮಾತು ಜೊತೆಯಾದರೆ ಅದು ದಳವಾಗುತ್ತದೆ. ಇವಿಲ್ಲದೆ ಕಾಡಿಗೆ ನುಗ್ಗಿದವರು ತಮ್ಮ ಜೀವಕ್ಕೂ ಇತರರ ಜೀವಕ್ಕೂ ಅಪಾಯ ತಂದುಕೊಳ್ಳುತ್ತಾರೆ.

ಆಸ್ಟ್ರೇಲಿಯಾದ ಬೆಂಕಿ ಇಷ್ಟು ಉಗ್ರವಾಗಲು ಅಲ್ಲಿನ ಮರಗಳೂ ಕಾರಣ. ಕರ್ನಾಟಕದ ರೈತರು ನೀಲಗಿರಿ ಎಂದು ಕರೆಯುವ ಮರದ ನೂರಾರು ಪ್ರಭೇದಗಳು ಅಲ್ಲಿನ ಸಹಜ ಕಾಡು. ಎಲೆಯಲ್ಲಿ ಎಣ್ಣೆ, ಬುಡದಲ್ಲಿ ಒಣ ತರಗು, ಕೆಲವು ಜಾತಿಗಳ ಕಾಂಡದಲ್ಲಿ ಜೋಲಾಡುವ ನಾರುತೊಗಟೆ. ಹೊತ್ತಿದ ತೊಗಟೆಯ ಚೂರುಗಳು ಗಾಳಿಯಲ್ಲಿ ಹಾರಿ ಹಲವು ಕಿಲೋಮೀಟರ್ ಮುಂದೆ ಬಿದ್ದು ಹೊಸ ಬೆಂಕಿ ಹಚ್ಚುತ್ತವೆ. ಏರುನೆಲದಲ್ಲಿ ಇಳಿಜಾರು 10 ಡಿಗ್ರಿ ಹೆಚ್ಚಿದಂತೆಲ್ಲ ಬೆಂಕಿಯ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ ಎಂಬುದು ದಳಗಳಲ್ಲಿ ಎಲ್ಲರೂ ಕಲಿಯುವ ಲೆಕ್ಕ. ಎಲ್ಲಕ್ಕಿಂತ ಭಯದ್ದು ಗಾಳಿ ತಿರುಗುವ ಗಳಿಗೆ. ದೇಶದ ಆಗ್ನೇಯ ಭಾಗದಲ್ಲಿ ಬೇಸಿಗೆಯ ಕೆಟ್ಟ ದಿನಗಳಂದು ಒಳನಾಡಿನ ಬಿಸಿಗಾಳಿ ವಾಯವ್ಯದಿಂದ ಬೀಸಿ ಬೆಂಕಿಯನ್ನು ಉದ್ದನೆಯ ಪಟ್ಟಿಯಾಗಿ ಎಳೆಯುತ್ತದೆ. ಸಂಜೆಯ ಹೊತ್ತಿಗೆ ತಂಪುಗಾಳಿ ನೈಋತ್ಯದಿಂದ ನುಗ್ಗುತ್ತದೆ. ಆಗ ಅಷ್ಟು ಹೊತ್ತು ಶಾಂತವಾಗಿದ್ದ ಪಕ್ಕದ ಅಂಚು ಇಡಿಯಾಗಿ ಬೆಂಕಿಯ ಮುಂಚೂಣಿಯಾಗುತ್ತದೆ. ಒಂದೆರಡು ಕಿಲೋಮೀಟರ್ ಅಗಲದ ಬೆಂಕಿ ಕೆಲವೇ ನಿಮಿಷಗಳಲ್ಲಿ ಹತ್ತಾರು ಕಿಲೋಮೀಟರ್ ಅಗಲವಾಗುತ್ತದೆ.

1983ರ ಫೆಬ್ರುವರಿ 16ರಂದು ವಿಕ್ಟೋರಿಯಾದ ಅಪ್ಪರ್ ಬೀಕನ್ಸ್‌ಫೀಲ್ಡ್‌ನಲ್ಲಿ 12 ಅಗ್ನಿಶಾಮಕರು ಸತ್ತದ್ದು ಇಂಥ ಗಾಳಿಯ ತಿರುವಿನಲ್ಲೇ. 1998ರ ಡಿಸೆಂಬರ್ 2ರಂದು ಲಿಂಟನ್ ಎಂಬಲ್ಲಿ ಅದೇ ಮರುಕಳಿಸಿತು. ನೀರು ತುಂಬಿಸಿಕೊಳ್ಳಲು ಹೊರಟಿದ್ದ ಎರಡು ಟ್ಯಾಂಕರ್‌ಗಳ ಮೇಲೆ ತಿರುಗಿದ ಬೆಂಕಿ ಎರಗಿತು. ನೀರು ಉಳಿದಿದ್ದ ಟ್ಯಾಂಕರಿನವರು ಬದುಕಿದರು. ಇನ್ನೊಂದರಲ್ಲಿದ್ದ ಗೀಲಾಂಗ್ ವೆಸ್ಟ್ ದಳದ ಐವರು ಸ್ವಯಂಸೇವಕರು ಸತ್ತರು. ಆಮೇಲೆ ದೀರ್ಘ ವಿಚಾರಣೆ ನಡೆದು, ಕನಿಷ್ಠ ತರಬೇತಿಯಿಲ್ಲದೆ ಯಾರೂ ಬೆಂಕಿಯ ಮುಂದೆ ನಿಲ್ಲಕೂಡದು, ಟ್ಯಾಂಕರಿನ ನೀರನ್ನು ಎಂದೂ ಪೂರ್ತಿ ಖಾಲಿ ಮಾಡಕೂಡದು ಎಂಬ ಶಿಸ್ತು ಬಿಗಿಯಾಯಿತು. ಈಗ ಹೊಸದಾಗಿ ಸೇರಿದವರಿಗೆ ಬೇಸರ ತರುವ ಎಷ್ಟೋ ನಿಯಮಗಳ ಹಿಂದೆ ಇಂಥ ಸಾವುಗಳಿವೆ.

ದೂರದವರು ನೀರಿನ ಕೊಳವೆ ಹಿಡಿದವರನ್ನೇ ಕಲ್ಪಿಸಿಕೊಂಡರೂ ಕಾಡಿನ ಬೆಂಕಿಯನ್ನು ನೀರೊಂದರಿಂದಲೇ ನಿಲ್ಲಿಸಲಾಗದು. ಮುಖ್ಯ ಕೆಲಸ ಉರಿಯಬಲ್ಲದ್ದನ್ನು ಅದರ ದಾರಿಯಿಂದ ತೆಗೆಯುವುದು. ಬುಲ್ಡೋಜರಿನಿಂದಲೋ, ಒಂದು ಬದಿಗೆ ಗುದ್ದಲಿ, ಇನ್ನೊಂದು ಬದಿಗೆ ಹಲ್ಲುಕುಂಟೆಯಿರುವ ಕೈ ಉಪಕರಣದಿಂದಲೋ ಬರಿಮಣ್ಣು ಕಾಣುವವರೆಗೆ ಕೆರೆದು ಬೆಂಕಿ ರೇಖೆ ತೆಗೆಯುತ್ತಾರೆ. ಅಲ್ಲಿಂದ ಬರುವ ಬೆಂಕಿಯ ಕಡೆಗೆ ಎದುರುಬೆಂಕಿ ಕೊಡುತ್ತಾರೆ. ಎರಡೂ ಸೇರಿದ ಮೇಲೆ ಉಳಿಯುವುದು ದಿನಗಟ್ಟಲೆಯ ತಣಿಸುವ ಕೆಲಸ. ಟೊಳ್ಳು ಮರದೊಳಗೆ, ಬೇರಿನಲ್ಲಿ, ಸಗಣಿ ಗುಪ್ಪೆಯಲ್ಲಿ ಅಡಗಿದ ಕೆಂಡವನ್ನು ಹುಡುಕಿ, ಅಗೆದು ನೀರುಣಿಸಬೇಕು. ಹನ್ನೆರಡು ಗಂಟೆಯ ಪಾಳಿಯಲ್ಲಿ ಬಹುಪಾಲು ಇದೇ ಮಸಿ ಹಿಡಿದ ಕೆಲಸ. ಇದನ್ನು ಅರ್ಧಕ್ಕೆ ಬಿಟ್ಟರೆ ಮರುದಿನದ ಗಾಳಿಗೆ ಬೆಂಕಿ ಮತ್ತೆ ಏಳುತ್ತದೆ.

ಚಳಿಗಾಲದಲ್ಲೂ ದಳಕ್ಕೆ ಬಿಡುವಿಲ್ಲ. ತಂಪಿನ ದಿನ ನೋಡಿ ತರಗನ್ನು ಮಂದ ಬೆಂಕಿಯಲ್ಲಿ ಸುಟ್ಟು ಬೇಸಿಗೆಯ ಇಂಧನ ಕಡಿಮೆ ಮಾಡಬೇಕು. ಈ ವಿದ್ಯೆ ಬಿಳಿಯರದಲ್ಲ. ಆ ಖಂಡದ ಮೂಲನಿವಾಸಿಗಳು ಸಾವಿರಾರು ವರ್ಷ ಹೀಗೆ ನೆಲವನ್ನು ಸುಡುತ್ತಾ ಕಾಪಾಡಿದವರು. ವಲಸೆ ಬಂದ ಆಡಳಿತ ಅದನ್ನು ನಿಲ್ಲಿಸಿತು. ಈಗ ಕೆಲವು ಕಡೆ ದಳಗಳು ಆ ಸಮುದಾಯದ ಹಿರಿಯರಿಂದಲೇ ಮತ್ತೆ ಕಲಿಯುತ್ತಿರುವುದು ತಡವಾದರೂ ಸರಿಯಾದ ಹೆಜ್ಜೆ. ಆದರೆ ಸುಡಲು ತಕ್ಕ ದಿನಗಳು ವರ್ಷಕ್ಕೆ ಕೆಲವೇ. ಅವು ವಾರದ ಕೆಲಸದ ದಿನಗಳಲ್ಲಿ ಬಂದರೆ ಸ್ವಯಂಸೇವಕರಿಗೆ ಬಿಡುವಿರುವುದಿಲ್ಲ, ಶನಿವಾರ ಭಾನುವಾರ ಗಾಳಿ ಕೂಡಿಬರುವುದಿಲ್ಲ.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಬರುತ್ತದೆ? ನ್ಯೂ ಸೌತ್ ವೇಲ್ಸ್‌ನಲ್ಲಿ ತುರ್ತುಸೇವೆಗಳ ವೆಚ್ಚದ ಶೇ 73.7 ಭಾಗವನ್ನು ವಿಮಾ ಕಂಪನಿಗಳು, ಶೇ 14.6 ಭಾಗವನ್ನು ರಾಜ್ಯ ಸರ್ಕಾರ, ಶೇ 11.7 ಭಾಗವನ್ನು ಸ್ಥಳೀಯ ಕೌನ್ಸಿಲ್‌ಗಳು ಭರಿಸುವ ಪದ್ಧತಿ ನಡೆದುಬಂದಿದೆ. ಕಂಪನಿಗಳು ಅದನ್ನು ಮನೆ ವಿಮೆಯ ಕಂತಿಗೆ ಸೇರಿಸುತ್ತವೆ. ಅಂದರೆ ವಿಮೆ ಮಾಡಿಸಿದವರು ಎಲ್ಲರ ಪರವಾಗಿ ತೆರುತ್ತಾರೆ. ಮಾಡಿಸದವರಿಗೂ ದಳ ಓಡಿಬರುತ್ತದೆ. 2009ರ ಫೆಬ್ರುವರಿ 7ರ ಬೆಂಕಿಯಲ್ಲಿ 173 ಜನರನ್ನು ಕಳೆದುಕೊಂಡ ವಿಕ್ಟೋರಿಯಾ, ಆ ಬಗ್ಗೆ ನಡೆದ ರಾಯಲ್ ಕಮಿಷನ್ನಿನ ಶಿಫಾರಸಿನಂತೆ 2013ರಿಂದ ಈ ಭಾರವನ್ನು ಆಸ್ತಿಯ ಮೇಲಿನ ತೆರಿಗೆಗೆ ಬದಲಿಸಿತು. ನ್ಯೂ ಸೌತ್ ವೇಲ್ಸ್ 2017ರಲ್ಲಿ ಅದೇ ದಾರಿ ಹಿಡಿಯಲು ಹೊರಟು, ಜಾರಿಗೆ ಕೆಲವೇ ವಾರಗಳಿರುವಾಗ ಹಿಂದೆ ಸರಿಯಿತು. ವಿಕ್ಟೋರಿಯಾದ ಕ್ರಮವೇ ಹೆಚ್ಚು ನ್ಯಾಯವಾದದ್ದು. ಬೆಂಕಿ ವಿಮಾಪತ್ರ ಕೇಳಿ ಬರುವುದಿಲ್ಲ.

ಸರ್ಕಾರ ಕೊಡುವುದು ಟ್ಯಾಂಕರ್, ಸಮವಸ್ತ್ರ, ರೇಡಿಯೊ. ಶೆಡ್ಡಿಗೊಂದು ಫ್ರಿಜ್ಜು, ಜನರೇಟರು, ಹೆಚ್ಚುವರಿ ಪಂಪು, ಉತ್ತಮ ತಲೆದೀಪ ಮುಂತಾದವಕ್ಕೆ ದಳ ತಾನೇ ಹಣ ಕೂಡಿಸಬೇಕಾಗುತ್ತದೆ. ಅಂಗಡಿಯ ಮುಂದೆ ಸಾಸೇಜು ಸುಟ್ಟು ಮಾರುತ್ತಾರೆ, ಲಾಟರಿ ಚೀಟಿ ಎತ್ತುತ್ತಾರೆ. ಕ್ರಿಸ್‌ಮಸ್ ಹೊತ್ತಿಗೆ ಎಷ್ಟೋ ಊರುಗಳಲ್ಲಿ ಸಾಂತಾ ಕ್ಲಾಸ್ ಬರುವುದು ದಳದ ಲಾರಿಯ ಮೇಲೆ, ಮಕ್ಕಳಿಗೆ ಮಿಠಾಯಿ ಹಂಚುತ್ತಾ. ಇದರಿಂದ ಸೇರುವ ಹಣಕ್ಕಿಂತ ದೊಡ್ಡ ಲಾಭವೆಂದರೆ ಊರಿನವರಿಗೆ ದಳದವರ ಮುಖ ಪರಿಚಯವಾಗುವುದು. ಮನೆ ಬಿಟ್ಟು ಹೊರಡಿ ಎಂದು ಸಮವಸ್ತ್ರದ ಅಪರಿಚಿತರು ಹೇಳಿದರೆ ಜನ ಚರ್ಚೆಗೆ ನಿಲ್ಲುತ್ತಾರೆ. ಪರಿಚಯದ ನೆರೆಯಾಕೆ ಹೇಳಿದರೆ ಹೊರಡುತ್ತಾರೆ.

2019–20ರ ಬೇಸಿಗೆ ಈ ಇಡೀ ವ್ಯವಸ್ಥೆಯನ್ನು ಅದರ ಮಿತಿಯವರೆಗೆ ಎಳೆಯಿತು. ವರ್ಷಗಟ್ಟಲೆಯ ಬರದಿಂದ ಕಾಡು ಒಣಗಿತ್ತು. ಅಕ್ಟೋಬರ್ ಕೊನೆಯಲ್ಲಿ ಸಿಡಿಲಿನಿಂದ ಹತ್ತಿದ ಗಾಸ್ಪರ್ಸ್ ಮೌಂಟನ್ ಬೆಂಕಿಯೊಂದೇ 5 ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲ ಸುಟ್ಟಿತು. ಆ ಋತುವಿನಲ್ಲಿ ದೇಶದಾದ್ಯಂತ 33 ಜನ ನೇರವಾಗಿ ಬೆಂಕಿಯಿಂದ ಸತ್ತರು, 3,000ಕ್ಕೂ ಹೆಚ್ಚು ಮನೆಗಳು ಹೋದವು. ಸತ್ತವರಲ್ಲಿ ಒಂಬತ್ತು ಮಂದಿ ಅಗ್ನಿಶಾಮಕರು. ಅವರಲ್ಲಿ ಮೂವರು ನ್ಯೂ ಸೌತ್ ವೇಲ್ಸ್ ದಳಗಳ ಸ್ವಯಂಸೇವಕರು, ಇನ್ನು ಮೂವರು ಬೆಂಕಿ ಆರಿಸುವ ವಿಮಾನದಲ್ಲಿದ್ದ ಅಮೆರಿಕನ್ನರು. ಕೆಲವರು ತಿಂಗಳುಗಟ್ಟಲೆ ಮನೆಗೂ ಬೆಂಕಿಗೂ ಓಡಾಡಿದರು. ಬೇರೆಯವರ ಮನೆ ಉಳಿಸುತ್ತಿದ್ದಾಗ ತಮ್ಮ ಮನೆಯನ್ನೇ ಕಳೆದುಕೊಂಡವರೂ ಇದ್ದರು.

ಜಗತ್ತು ಮಿಡಿಯಿತು. 2020ರ ಜನವರಿಯಲ್ಲಿ ಹಾಸ್ಯ ಕಲಾವಿದೆ ಸೆಲೆಸ್ಟ್ ಬಾರ್ಬರ್ ಫೇಸ್‌ಬುಕ್‌ನಲ್ಲಿ ಆರಂಭಿಸಿದ ದೇಣಿಗೆ ಸಂಗ್ರಹಕ್ಕೆ ಕೆಲವೇ ದಿನಗಳಲ್ಲಿ 5 ಕೋಟಿ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು ಹಣ ಹರಿದುಬಂತು. ಹಣ ಹೋಗಬೇಕಾಗಿದ್ದದ್ದು ರೂರಲ್ ಫೈರ್ ಸರ್ವೀಸ್ ದಳಗಳ ದೇಣಿಗೆ ನಿಧಿಗೆ. ಆದರೆ ಕೊಟ್ಟವರಲ್ಲಿ ಅನೇಕರ ಮನಸ್ಸಿನಲ್ಲಿದ್ದದ್ದು ಮನೆ ಕಳೆದುಕೊಂಡವರು, ಬೇರೆ ರಾಜ್ಯಗಳ ದಳಗಳು, ಸುಟ್ಟ ಪ್ರಾಣಿಗಳು. ಆ ಹಣವನ್ನು ಹಂಚಬಹುದೇ ಎಂಬ ಪ್ರಶ್ನೆ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಯಿತು. ನಿಧಿಯ ದಸ್ತಾವೇಜಿನಲ್ಲಿ ದಳಗಳ ಸಲಕರಣೆ, ಸೌಲಭ್ಯ, ತರಬೇತಿ, ಸಂಪನ್ಮೂಲ, ಆಡಳಿತ ವೆಚ್ಚ ಎಂದಿತ್ತು. 2020ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಮೈಕೆಲ್ ಸ್ಲ್ಯಾಟರಿ ತೀರ್ಪಿತ್ತರು. ಗಾಯಗೊಂಡ ಅಗ್ನಿಶಾಮಕರಿಗೆ, ಸತ್ತವರ ಕುಟುಂಬಗಳಿಗೆ, ಆಘಾತಕ್ಕೊಳಗಾದವರ ಆಪ್ತಸಲಹೆಗೆ ನೆರವಾಗಬಹುದು. ಇತರ ಸಂಸ್ಥೆಗಳಿಗೆ, ಬೇರೆ ರಾಜ್ಯಗಳಿಗೆ, ಪ್ರಾಣಿರಕ್ಷಣೆಗೆ ಕೊಡುವಂತಿಲ್ಲ.

ತೀರ್ಪಿನಿಂದ ಹಲವರಿಗೆ ನಿರಾಸೆಯಾಯಿತಾದರೂ ಅದು ಸರಿಯಾಗಿಯೇ ಇತ್ತು. ಬರೆದಿಟ್ಟ ಉದ್ದೇಶವನ್ನು ಆಮೇಲಿನ ಭಾವನೆಗೆ ತಕ್ಕಂತೆ ಬಗ್ಗಿಸಿದರೆ ಯಾವ ನಿಧಿಯನ್ನೂ ಯಾರೂ ನಂಬಲಾರರು. ಈ ಪ್ರಕರಣದಿಂದ ಎದ್ದು ಕಾಣುವುದು ಇನ್ನೊಂದು ಸಂಗತಿ. ಬೆಂಕಿ ಟಿವಿಯಲ್ಲಿ ಉರಿಯುವಾಗ ಬರುವ ಹಣ ಒಮ್ಮೆಗೇ ಬರುತ್ತದೆ, ಒಂದೇ ಕಡೆಗೆ ಬರುತ್ತದೆ. ದಳಕ್ಕೆ ಬೇಕಾದ ಬೆಂಬಲ ಮಳೆಗಾಲದಲ್ಲೂ ಬೇಕಾದದ್ದು, ಅದರಲ್ಲಿ ಬಹುಭಾಗ ಹಣವೇ ಅಲ್ಲ.

ಮೊದಲನೆಯದು ಸಮಯ. ಕೆಲಸ ಬಿಟ್ಟು ಹೋದವರನ್ನು ಮಾಲೀಕರು ವಜಾ ಮಾಡದಂತೆ 2009ರ ಫೇರ್ ವರ್ಕ್ ಕಾಯ್ದೆ ರಕ್ಷಿಸುತ್ತದೆ. ಆದರೆ ಆ ರಜೆಗೆ ಸಂಬಳ ಕೊಡಬೇಕೆಂಬ ಕಡ್ಡಾಯವಿಲ್ಲ. ಒಂದೆರಡು ದಿನ ಯಾರಿಗೂ ಭಾರವಲ್ಲ. ಒಬ್ಬಂಟಿಯಾಗಿ ಕೊಳಾಯಿ ಕೆಲಸ ಮಾಡುವವರು ಇಪ್ಪತ್ತು ದಿನ ಬೆಂಕಿಯ ಬಳಿ ಇದ್ದರೆ ಮನೆಯ ಸಾಲದ ಕಂತು ನಿಲ್ಲುತ್ತದೆ. 2019ರ ಡಿಸೆಂಬರ್ ಕೊನೆಯಲ್ಲಿ ಕೇಂದ್ರ ಸರ್ಕಾರ ಇಂಥ ಸ್ವಉದ್ಯೋಗಿಗಳಿಗೂ ಸಣ್ಣ, ಮಧ್ಯಮ ಸಂಸ್ಥೆಗಳ ನೌಕರರಿಗೂ ದಿನಕ್ಕೆ ಗರಿಷ್ಠ 300 ಡಾಲರಿನಂತೆ ಒಟ್ಟು 6,000 ಡಾಲರ್ ಮೀರದ ಪರಿಹಾರ ಘೋಷಿಸಿತು. ಹತ್ತು ದಿನಗಳಿಗಿಂತ ಹೆಚ್ಚು ಸೇವೆ ಮಾಡಿದವರಿಗೆ ಮಾತ್ರ ಅದು ಅನ್ವಯಿಸಿತು. ಅದು ಬಂದದ್ದು ತಡವಾಗಿ, ಒತ್ತಡಕ್ಕೆ ಮಣಿದು. ಹಣ ಕೊಟ್ಟರೆ ಸ್ವಯಂಸೇವೆಯ ಗುಣವೇ ಕೆಡುತ್ತದೆ ಎಂದು ದಳಗಳ ಒಳಗೇ ವಾದಿಸುವವರಿದ್ದಾರೆ. ಅವರ ಅಳುಕಿನಲ್ಲಿ ಹುರುಳಿದೆ. ಆದರೆ ಕೂಲಿ ಬೇರೆ, ಕಳೆದುಕೊಂಡ ದುಡಿಮೆಯನ್ನು ತುಂಬಿಕೊಡುವುದು ಬೇರೆ. ಸರ್ಕಾರ ತನ್ನ ಕೆಲಸವನ್ನು ಬಡವರ ರಜೆಯಲ್ಲಿ ಮಾಡಿಸಿಕೊಳ್ಳುವುದು ನ್ಯಾಯವಲ್ಲ.

ಎರಡನೆಯದು ಮನೆಯವರ ಸಿದ್ಧತೆ. ದೊಡ್ಡ ಬೆಂಕಿಯ ದಿನ ಮನೆಗೊಂದು ಲಾರಿ ಬರುವುದಿಲ್ಲ ಎಂದು ಎಲ್ಲ ರಾಜ್ಯಗಳ ಸೇವೆಗಳೂ ಮುಚ್ಚುಮರೆಯಿಲ್ಲದೆ ಹೇಳುತ್ತವೆ. ಮನೆಗಳು ಹೆಚ್ಚಾಗಿ ಸುಡುವುದು ಜ್ವಾಲೆ ತಾಗಿ ಅಲ್ಲ, ಹಾರಿಬಂದ ಕಿಡಿಗಳು ಸೂರಿನ ನೀರ ದೋಣಿಯ ಒಣಎಲೆಗೋ ಬಾಗಿಲ ಕಾಲೊರಸಿಗೋ ಬಿದ್ದು. ದೋಣಿ ಗುಡಿಸಿ, ಗೋಡೆಗೊರಗಿಸಿದ ಸೌದೆಯನ್ನು ದೂರ ಸಾಗಿಸಿ, ಹೆಂಚಿನ ಸಂದಿ ಮುಚ್ಚಿದ ಮನೆಯನ್ನು ದಳ ಸ್ವಲ್ಪ ನೀರಿನಲ್ಲೇ ಉಳಿಸಬಲ್ಲದು. ಹಾಗಿಲ್ಲದ ಮನೆಯ ಮುಂದೆ ಕ್ಯಾಪ್ಟನ್ ತನ್ನವರ ಜೀವ ಪಣಕ್ಕಿಡುವುದಿಲ್ಲ, ಇಡಲೂಬಾರದು. ತೊಟ್ಟಿ, ಈಜುಕೊಳ, ಕೃಷಿಹೊಂಡ ಇರುವವರು ಗೇಟಿನ ಮೇಲೆ ನೀರಿದೆ ಎಂಬ ಫಲಕ ಹಾಕಿಸಿಕೊಳ್ಳುವ ಪದ್ಧತಿ ನ್ಯೂ ಸೌತ್ ವೇಲ್ಸ್‌ನಲ್ಲಿದೆ. ಕತ್ತಲಲ್ಲಿ, ಹೊಗೆಯಲ್ಲಿ, ಹೊರಜಿಲ್ಲೆಯಿಂದ ಬಂದ ಟ್ಯಾಂಕರಿಗೆ ಆ ಅಂಗೈಯಗಲದ ಫಲಕ ಬಹಳ ದೊಡ್ಡ ಉಪಕಾರ. ವಯಸ್ಸಾದವರ, ಅಂಗವಿಕಲರ ಅಂಗಳದ ಒಣಪೊದೆಯನ್ನು ಉಚಿತವಾಗಿ ತೆಗೆದುಕೊಡುವ ಕಾರ್ಯಕ್ರಮವನ್ನೂ ಸೇವೆಯೇ ನಡೆಸುತ್ತದೆ. ನೆರೆಯವರೇ ಒಂದು ಭಾನುವಾರ ಕೂಡಿ ಆ ಕೆಲಸ ಮುಗಿಸುವ ಊರುಗಳೂ ಇವೆ.

ರೈತರದು ಬೇರೆಯೇ ಬಗೆಯ ಬೆಂಬಲ. ಪಿಕಪ್ ವಾಹನದ ಹಿಂದೆ ನೀರಿನ ಟ್ಯಾಂಕು, ಪಂಪು ಕೂರಿಸಿಕೊಂಡ ರೈತರು ಹುಲ್ಲಿನ ಬೆಂಕಿಗೆ ದಳಕ್ಕಿಂತ ಮೊದಲೇ ಮುಟ್ಟುತ್ತಾರೆ. ರೇಡಿಯೊ ಸಂಪರ್ಕ, ಸರಿಯಾದ ಬಟ್ಟೆ ಇಲ್ಲದೆ ಬಂದರೆ ದಳಕ್ಕೆ ಅವರದೇ ಚಿಂತೆಯಾಗುತ್ತದೆ. ಹೀಗಾಗಿ ಈಚೆಗೆ ಅವರಿಗೂ ಸಲಹೆ, ತರಬೇತಿ ಕೊಟ್ಟು ಒಂದೇ ಯೋಜನೆಯೊಳಗೆ ತರುವ ಪ್ರಯತ್ನ ನಡೆದಿದೆ. ಪಾಳಿ ಮುಗಿಸಿ ಬಂದವರಿಗೆ ಬಿಸಿ ಊಟ ಒದಗಿಸುವುದು 1922ರಲ್ಲಿ ಹುಟ್ಟಿದ ಕಂಟ್ರಿ ವಿಮೆನ್ಸ್ ಅಸೋಸಿಯೇಷನ್‌ನಂಥ ಸಂಘಗಳು ಬಹುಕಾಲದಿಂದ ಮಾಡುತ್ತಾ ಬಂದ ಕೆಲಸ. ಅಡುಗೆಗೆಂದೇ ಇರುವ ದಳಗಳು, ಸಂಪರ್ಕಕ್ಕೆಂದೇ ಇರುವ ದಳಗಳು ರೂರಲ್ ಫೈರ್ ಸರ್ವೀಸ್‌ನಲ್ಲೇ ಇವೆ. ಬೆಂಕಿಯ ಹತ್ತಿರ ಹೋಗದ ಈ ಸದಸ್ಯರಿಲ್ಲದಿದ್ದರೆ ಎರಡನೇ ದಿನವೇ ಎಲ್ಲ ನಿಲ್ಲುತ್ತದೆ.

ಈಗ ದಳಗಳನ್ನು ಕಾಡುತ್ತಿರುವುದು ವಯಸ್ಸು. ಹಳ್ಳಿಗಳಿಂದ ಯುವಕರು ಪಟ್ಟಣ ಸೇರುತ್ತಿದ್ದಾರೆ, ಜಮೀನುಗಳು ದೊಡ್ಡವಾಗಿ ಕುಟುಂಬಗಳು ಕಡಿಮೆಯಾಗುತ್ತಿವೆ. ನಗರದಿಂದ ಬಂದು ಹಳ್ಳಿಯಂಚಿನಲ್ಲಿ ಮನೆ ಕಟ್ಟಿದವರು ಹಗಲು ಊರಿನಲ್ಲಿರುವುದಿಲ್ಲ. ಹತ್ತಾರು ಹೆಸರುಗಳಿರುವ ಪಟ್ಟಿಯಲ್ಲಿ ಬುಧವಾರ ಮಧ್ಯಾಹ್ನದ ಕರೆಗೆ ಓಡಿಬರಬಲ್ಲವರು ಮೂವರೋ ನಾಲ್ವರೋ ಇರುವ ದಳಗಳಿವೆ. ಬೇಸಿಗೆಗಳು ಬಿಸಿಯಾಗುತ್ತಾ ಬೆಂಕಿಯ ಋತು ಉದ್ದವಾಗುತ್ತಿರುವಾಗಲೇ ಹೀಗಾಗುತ್ತಿದೆ. ಪ್ರೌಢಶಾಲೆಗಳಲ್ಲಿ ಕೆಡೆಟ್ ತರಬೇತಿ, ಪ್ರತಿ ಸೆಪ್ಟೆಂಬರಿನಲ್ಲಿ ದಳದ ಶೆಡ್ಡುಗಳನ್ನು ಊರಿಗೆ ತೆರೆದಿಡುವ ಸಿದ್ಧತಾ ವಾರಾಂತ್ಯ ಹೊಸಬರನ್ನು ಸೆಳೆಯುವ ದಾರಿಗಳಾಗಿವೆ. ಟ್ಯಾಂಕರ್ ಹತ್ತುವ ಮೈಕಟ್ಟು ಇಲ್ಲದವರಿಗೂ ರೇಡಿಯೊ ಕೇಳುವುದು, ಲೆಕ್ಕ ಬರೆಯುವುದು, ನಕ್ಷೆ ನೋಡುವುದು, ಶಾಲೆಗಳಿಗೆ ಹೋಗಿ ಮಾತನಾಡುವುದು ಮುಂತಾದ ಕೆಲಸಗಳಿವೆ. ಸದಸ್ಯತ್ವದ ಅರ್ಜಿ ಹಿಡಿದು ಹೋಗಬೇಕಾದದ್ದು ಆಯಾ ಊರಿನ ದಳದ ಬಳಿಗೇ.